ಎಷ್ಟ್ ಬರೀಲಿ? : ಒಂದು ವರಮಾನ ಪತ್ರದ ವಿಮರ್ಶೆ

ಕೆಲವು ತಿಂಗಳ ಹಿಂದೆ ಸುರಪುರದ ಹತ್ತಿರದ ಒಂದೂರಲ್ಲಿ, ಕೇರಿಯ ಕಟ್ಟೆಯ ಮೇಲೆ ನಾವು ಎಂಟ್ಹತ್ತು ಜನ ಕೂಡಿ ಕವನ ಓದಿದೆವು. ಒಟ್ಟು ಹನ್ನೊಂದು ಕವನ. ಅವುಗಳಲ್ಲಿ ಏಳರಲ್ಲಿ ಗುಡಿಸಲು ಇತ್ತು, ಏಳೂ ಸೋರುತ್ತಿದ್ದವು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಎಲ್ಲ ಮುಗಿದು ಚಾ ಕುಡಿಯುವಾಗ, ಅಷ್ಟೊತ್ತೂ ಕಟ್ಟೆಯ ಕೆಳಗೆ ಕೂತು ಕೇಳಿದ್ದ ದೊಡ್ಡವ್ವನೊಬ್ಬಳು ನಮ್ಮಲ್ಲೊಬ್ಬನನ್ನು ಹತ್ತಿರ ಕರೆದು ಕೇಳಿದಳು: "ತಮ್ಮಾ, ನಿನ್ನ ಹಾಡಿನ್ಯಾಗಿನ ಮನಿ ಸೋರ್ತಾದ. ನನ್ನ ಮನಿನೂ ಸೋರ್ತಾದ. ಪಂಚಾಯ್ತಿ ಕಾಗದದಾಗ ಅಷ್ಟೇ ಯಾಕ ಸೋರವಲ್ದು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೆಳದಿಂಗಳ ಬಗ್ಗೆ, ಬೆಂಕಿಯ ಬಗ್ಗೆ, ನವ್ಯರ ಒಂಟಿತನದ ಬಗ್ಗೆ ಕೇಳಿದ್ದರೆ ರಾತ್ರಿಯಿಡೀ ಮಾತಾಡುತ್ತಿದ್ದೆವು. ಪಂಚಾಯ್ತಿ ಕಾಗದವನ್ನು ನಾವು ಓದಿಯೇ ಇರಲಿಲ್ಲ. ಓದಬೇಕಾದ ಬರಹ ಅದು ಎಂದು ಯಾವ ವಿಮರ್ಶಕನೂ ನಮಗೆ ಹೇಳಿರಲಿಲ್ಲ. ೨೦೧೧ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಅತಿ ಕಡಿಮೆ ಅಕ್ಷರಸ್ಥರಿದ್ದ ಜಿಲ್ಲೆ ನಮ್ಮದು; ನೂರಕ್ಕೆ ೫೨ ಜನವೂ ಪೂರಾ ಇಲ್ಲ. ಇಂಥ ಜಿಲ್ಲೆಯಲ್ಲಿ ಮನೆಮನೆಯ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ, ಇಲಿ ಕಡಿಯದ ಹಾಗೆ ಜೋಪಾನ ಮಾಡಿಟ್ಟ ಬರಹ ಯಾವುದು? ಕಾದಂಬರಿಯಲ್ಲ, ಕವನ ಸಂಕಲನ ಅಂತೂ ಅಲ್ಲವೇ ಅಲ್ಲ. ಜಾತಿ ಮತ್ತು ವರಮಾನದ ಪ್ರಮಾಣ ಪತ್ರ. ಹಾಗಾದರೆ ನಮ್ಮ ಜನರ ಮಟ್ಟಿಗೆ ಅದೇ ಮುಖ್ಯ ಕೃತಿ. ವಿಮರ್ಶೆ ಅಲ್ಲಿಂದಲೇ ಶುರುವಾಗಲಿ.

ಕೃತಿಯ ಕರ್ತೃ ಯಾರು? ಕೆಳಗೆ ತಹಸೀಲ್ದಾರರ ಸಹಿ ಇದೆ. ಆದರೆ ಆ ದೊಡ್ಡವ್ವನನ್ನು ತಹಸೀಲ್ದಾರರು ನೋಡಿಲ್ಲ. ತಲಾಟಿಯ ವರದಿ ಇದೆ (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯಬೇಕು, ಕೇರಿಯ ಬಾಯಲ್ಲಿ ಇನ್ನೂ ತಲಾಟಿಯೇ). ನಾಡಕಚೇರಿಯ ಕಂಪ್ಯೂಟರಿನ ಮುಂದೆ ಕೂತವನು ಬೆರಳಾಡಿಸಿದ್ದಾನೆ. ಅರ್ಜಿದಾರಳು ಹೆಬ್ಬೆಟ್ಟು ಒತ್ತಿದ್ದಾಳೆ. ಇಷ್ಟು ಜನ ಸೇರಿ ಬರೆದ ಕೃತಿಯಲ್ಲಿ ಒಂದೇ ಒಂದು ಮುಖ್ಯ ಪದ: ಒಂದು ಅಂಕಿ. ಆ ಅಂಕಿ ಎಲ್ಲಿಂದ ಬಂತು ಎಂದು ನೋಡುತ್ತ ಹೋದರೆ ಈ ನಾಲ್ವರಲ್ಲಿ ಯಾರೂ ಅದರ ಕರ್ತೃ ಅಲ್ಲ ಎಂಬುದು ತಿಳಿಯುತ್ತದೆ. ನಾವು ಕಚೇರಿಗಳಲ್ಲಿ ನಿಂತು ಕೇಳಿದ್ದೇವೆ. ಕಂಪ್ಯೂಟರಿನವನು "ನಿನ್ನ ದುಡಿಮಿ ಎಷ್ಟು?" ಎಂದು ಕೇಳುವುದಿಲ್ಲ. ಅವನು ಕೇಳುವುದು "ಎಷ್ಟ್ ಬರೀಲಿ?" ಎಂದು. ಈ ಎರಡು ಪ್ರಶ್ನೆಗಳ ನಡುವೆ ಇರುವ ಅಂತರದಲ್ಲಿಯೇ ನಮ್ಮ ಪ್ರಭುತ್ವದ ವಸತಿ ನೀತಿ ಪೂರ್ತಾ ವಾಸ ಮಾಡುತ್ತದೆ.

ಯಾಕೆಂದರೆ ಬರೆಯಬೇಕಾದ ಅಂಕಿ ಮೊದಲೇ ಬೆಂಗಳೂರಿನಲ್ಲಿ ಬರೆದಾಗಿದೆ. ಅದಕ್ಕೆ ಮಿತಿ ಎನ್ನುತ್ತಾರೆ. ಅದಕ್ಕಿಂತ ಕೆಳಗಿನ ಯಾವುದಾದರೂ ಅಂಕಿ ಆದೀತು. ಹನ್ನೊಂದು ಸಾವಿರವೋ, ಹದಿನೆಂಟೋ, ಇಪ್ಪತ್ತೋ. ಆಶ್ರಯ ಯೋಜನೆ ಬಂದದ್ದು ೧೯೯೧-೯೨ರಲ್ಲಿ, ಬಂಗಾರಪ್ಪನವರ ಕಾಲಕ್ಕೆ. ಅದಕ್ಕೂ ಮುಂಚೆ ದೇವರಾಜ ಅರಸರ ಕಾಲದ ಜನತಾ ಮನೆಗಳಿದ್ದವು. ಇವತ್ತಿಗೂ ಯಾದಗಿರಿ ಸೀಮೆಯ ಮುದುಕರು ಸರ್ಕಾರ ಕೊಟ್ಟ ಯಾವ ಮನೆಗಾದರೂ 'ಜನತಾ ಮನಿ' ಎಂದೇ ಹೇಳುತ್ತಾರೆ. ಆಶ್ರಯದ ಕಾಲದ ಒಂದು ಹಂತದಲ್ಲಿ ಮಿತಿ ವರ್ಷಕ್ಕೆ ೧೧,೮೦೦ ರೂಪಾಯಿ. ಆಮೇಲೆ ೩೨,೦೦೦. ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು, ಆಶ್ರಯ ಹೋಗಿ ಬಸವ ವಸತಿ ಆಯಿತು, ಅಂಬೇಡ್ಕರ್ ನಿವಾಸ ಬಂತು, ಸರ್ಕಾರಗಳು ಬಂದವು, ಹೋದವು. ಮೂವತ್ತೆರಡು ಸಾವಿರ ಮಾತ್ರ ಸುರಪುರದ ಬೆಟ್ಟದ ಹಾಗೆ ವರ್ಷಗಟ್ಟಲೆ ಕದಲದೆ ಕೂತಿತ್ತು. ಈ ದಶಕದ ಮೊದಲ ವರ್ಷಗಳಲ್ಲಷ್ಟೇ ಅದನ್ನು ಹಳ್ಳಿಗೆ ೧,೨೦,೦೦೦ಕ್ಕೆ ಏರಿಸಿದರು.

ಮೂವತ್ತೆರಡು ಸಾವಿರವನ್ನು ಒಮ್ಮೆ ಬಿಡಿಸಿ ನೋಡೋಣ. ಶಾಲಾ ಮಾಸ್ತರರು ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಲಿ. ೩೬೫ ದಿನಕ್ಕೆ ಹಂಚಿದರೆ ದಿನಕ್ಕೆ ೮೭ ರೂಪಾಯಿ ೬೭ ಪೈಸೆ. ಇದು ಒಬ್ಬರಿಗಲ್ಲ, ಇಡೀ ಮನೆಗೆ. ಐದು ಹೊಟ್ಟೆ ಇದ್ದರೆ ತಲೆಗೆ ಹದಿನೇಳೂವರೆ ರೂಪಾಯಿ. ೨೦೨೧-೨೨ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ ೨೮೯ ರೂಪಾಯಿ. ಸರ್ಕಾರವೇ ಖಾತ್ರಿ ಕೊಟ್ಟ ನೂರು ದಿನದ ಕೆಲಸವನ್ನು ಒಂದು ಮನೆ ಪೂರ್ತಿ ಮಾಡಿದರೆ ೨೮,೯೦೦. ಅಂದರೆ ಉಳಿದ ೨೬೫ ದಿನದಲ್ಲಿ ಆ ಮನೆಯವರೆಲ್ಲ ಸೇರಿ ೩,೧೦೦ ರೂಪಾಯಿಗಿಂತ ಹೆಚ್ಚು ದುಡಿಯಬಾರದು. ದುಡಿದರೆ ಬಡವರಲ್ಲ, ಮನೆಯಿಲ್ಲ. ಒಂದು ಕೈಯಿಂದ ಕೆಲಸ ಕೊಟ್ಟ ಸರ್ಕಾರ ಇನ್ನೊಂದು ಕೈಯಿಂದ ಕೆಲಸ ಮಾಡಬೇಡ ಎನ್ನುತ್ತಿತ್ತು.

ಇನ್ನೂ ಒಂದು ಸೋಜಿಗ. ಅದೇ ಕಾಲದಲ್ಲಿ ಪಟ್ಟಣದ ಬಡವನಿಗೆ ಮಿತಿ ೮೭,೬೦೦ ಇತ್ತು. ದಿನಕ್ಕೆ ಸರಿಯಾಗಿ ೨೪೦ ರೂಪಾಯಿ. ಶಹಾಪುರದ ನಗರಸಭೆಯ ಗೆರೆಯೊಳಗಿನ ಕೇರಿಯವನು ೨೪೦ ರೂಪಾಯಿ ದುಡಿದೂ ಬಡವ. ಗೆರೆಯಾಚೆ ಎರಡು ಮೈಲಿ ದೂರದ ಹಳ್ಳಿಯ ಅವನ ಬೀಗ ನೂರು ರೂಪಾಯಿ ದುಡಿದರೆ ಸಾಹುಕಾರ. ಇಬ್ಬರೂ ಕೊಳ್ಳುವ ಸಿಮೆಂಟಿನ ಚೀಲ ಒಂದೇ ಅಂಗಡಿಯದು.

ಇದನ್ನು ಬರೆದವರಿಗೆ ಲೆಕ್ಕ ಬರುತ್ತಿರಲಿಲ್ಲವೆ? ಬರುತ್ತಿತ್ತು, ಗೆಳೆಯರೆ. ನಮ್ಮ ಸಂಘಟನೆಯ ಕೆಲವರು ಇದನ್ನು ಸರ್ಕಾರದ ಅಜ್ಞಾನ ಎಂದು ಬರೆಯುತ್ತಾರೆ. ಮನವಿ ಪತ್ರಗಳಲ್ಲಿ 'ವಾಸ್ತವಕ್ಕೆ ದೂರವಾದ ಮಿತಿ' ಎಂಬ ಮಾತು ತಪ್ಪದೆ ಇರುತ್ತದೆ. ನಾವು ಒಪ್ಪುವುದಿಲ್ಲ. ಈ ಮಿತಿ ಕೇರಿಯಲ್ಲಿ ಒಂದು ಕೆಲಸ ಮಾಡುತ್ತಿತ್ತು, ಚೆನ್ನಾಗಿಯೇ ಮಾಡುತ್ತಿತ್ತು. ಬದುಕಿರುವ ಯಾವ ಮನೆಯೂ ನಿಜವಾಗಿ ಇರಲಾರದಷ್ಟು ಕೆಳಗೆ ಗೆರೆ ಎಳೆದರೆ, ಅರ್ಜಿ ಹಾಕುವ ಪ್ರತಿಯೊಬ್ಬರೂ ಸುಳ್ಳು ಬರೆಸಲೇಬೇಕು. ಸುಳ್ಳು ಬರೆಸಿದವನ ಜುಟ್ಟು ಅದನ್ನು ಬಲ್ಲವನ ಕೈಯಲ್ಲಿ. ಬಲ್ಲವರು ಯಾರು? ತಲಾಟಿ ಬಲ್ಲ, ಮೆಂಬರ್ ಬಲ್ಲ, ಊರಗೌಡ ಬಲ್ಲ, ಚುನಾವಣೆಯಲ್ಲಿ ಸೋತವನೂ ಬಲ್ಲ. "ನಿಂದು ಹದಿನೆಂಟ್ ಸಾವಿರ ಅಂತ ಬರ್ಸಿಯಲ್ಲ, ತಕರಾರ್ ಅರ್ಜಿ ಹಾಕ್ಲ್ಯಾ?" ಈ ಒಂದು ಮಾತಿಗೆ ನಮ್ಮ ಎಷ್ಟು ಜನ ಓಟು ಬದಲಿಸಿದ್ದಾರೆ, ಎಷ್ಟು ಜನ ದೌರ್ಜನ್ಯದ ಕೇಸಿನಲ್ಲಿ ಸಾಕ್ಷಿ ಹೇಳದೆ ಹಿಂದೆ ಸರಿದಿದ್ದಾರೆ ಎಂಬುದಕ್ಕೆ ಯಾವ ಕಚೇರಿಯಲ್ಲೂ ಕಡತ ಇಲ್ಲ. ಜೀತದ ಕಾಲದಲ್ಲಿ ಸಾಲದ ಪತ್ರ ಮಾಡಿದ ಕೆಲಸವನ್ನು ಈಗ ವರಮಾನದ ಪತ್ರ ಮಾಡುತ್ತದೆ ಎಂದರೆ ಹಿರಿಯ ವಿಮರ್ಶಕರು ಅತಿಶಯೋಕ್ತಿ ಎನ್ನಬಹುದು. ಅವರು ಒಂದು ದಿನ ಗ್ರಾಮಸಭೆಗೆ ಬಂದು ಹಿಂದಿನ ಸಾಲಿನಲ್ಲಿ, ಹೆಂಗಸರ ಜೊತೆ ನೆಲದ ಮೇಲೆ ಕೂತು ಕೇಳಲಿ.

ಮಿತಿ ಏರಿದ ಮೇಲೆ ಏನಾಯಿತು? ಏರಿದ್ದು ಒಳ್ಳೆಯದೇ. ಇಲ್ಲವೆಂದು ಹೇಳುವುದು ಕೇವಲ ಬಂಡಾಯದ ಚಟ ಆಗುತ್ತದೆ. ಆದರೂ ಒಂದು ಲಕ್ಷ ಇಪ್ಪತ್ತು ಸಾವಿರ ಎಂದರೆ ತಿಂಗಳಿಗೆ ಹತ್ತು ಸಾವಿರ. ೨೦೨೪-೨೫ರ ಖಾತ್ರಿ ಕೂಲಿ ೩೪೯ ರೂಪಾಯಿ. ಗಂಡ ಹೆಂಡತಿ ಇಬ್ಬರೂ ಆ ದರದಲ್ಲಿ ವರ್ಷಕ್ಕೆ ೧೭೨ ದಿನ ದುಡಿದರೆ ಮಿತಿ ದಾಟಿತು. ವರ್ಷದ ಅರ್ಧ ದಿನಗಳೂ ಅಲ್ಲ. ನಮ್ಮ ಜನ ಅರ್ಧ ವರ್ಷ ದುಡಿದು ಅರ್ಧ ವರ್ಷ ಸುಮ್ಮನೆ ಕೂಡುವವರಲ್ಲ. ತೊಗರಿ ಹತ್ತಿಯ ಕೆಲಸ ಮುಗಿದ ಕೂಡಲೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಎಂದು ಗುಳೆ ಏಳುವವರು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ ದುಡಿದು ತಂದ ರೊಕ್ಕದಲ್ಲಿ ಬಸ್ಸಿನದು, ಶೆಡ್ಡಿನದು, ಊಟದ್ದು, ದವಾಖಾನೆಯದು ಕಳೆದು ಲೆಕ್ಕ ಹಿಡಿಯಬೇಕೋ ಕೂಡಿಸಿ ಹಿಡಿಯಬೇಕೋ ಎಂದು ಕೇಳಲು ಪತ್ರದಲ್ಲಿ ಜಾಗವಿಲ್ಲ. ಜಾಗ ಇರುವುದು ಒಂದು ಅಂಕಿಗೆ ಮಾತ್ರ.

ಮತ್ತೆ ಈ ಒಂದು ಲಕ್ಷ ಇಪ್ಪತ್ತು ಸಾವಿರ ಎಂಬ ಅಂಕಿ ನಮಗೆ ಇನ್ನೊಂದು ಕಡೆಯೂ ಸಿಕ್ಕಿತು. ೨೦೧೬ರಿಂದ ಇಂದಿರಾ ಆವಾಸದ ಜಾಗಕ್ಕೆ ಬಂದ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ ಕೊಡುವ ನೆರವೂ ೧,೨೦,೦೦೦. ಇಪ್ಪತ್ತೈದು ಚದರ ಮೀಟರಿನ ಮನೆ. ಎರಡು ಅಂಕಿ ಒಂದೇ ಆದದ್ದು ಯೋಗಾಯೋಗವೇ ಇರಬಹುದು. ಆದರೆ ಓದುಗರಾದ ನಾವು ಅಕ್ಕಪಕ್ಕ ಇಟ್ಟು ಓದುತ್ತೇವೆ: ಯಾವ ಮೊತ್ತ ವರ್ಷಕ್ಕೆ ಕೈಗೆ ಬಂದರೆ ನೀನು ಬಡವನಲ್ಲವೋ, ಅದೇ ಮೊತ್ತದಲ್ಲಿ ನೀನು ಬುನಾದಿ ತೋಡಿ, ಗೋಡೆ ಎಬ್ಬಿಸಿ, ಸ್ಲ್ಯಾಬ್ ಹಾಕಿ, ಬಾಗಿಲು ನಿಲ್ಲಿಸಬೇಕು. ಪರಿಶಿಷ್ಟರಿಗೆ ರಾಜ್ಯದ ಯೋಜನೆಯಲ್ಲಿ ಹಳ್ಳಿಗೆ ೧,೭೫,೦೦೦ ಇದೆ, ಸರಿ. ಅದೂ ಒಮ್ಮೆಲೇ ಬರುವುದಿಲ್ಲ. ತಳಪಾಯ ಆಗಬೇಕು, ಫೋಟೋ ತೆಗೆಯಬೇಕು, ಕಂತು ಬರಬೇಕು. ಲಿಂಟಲ್ ಆಗಬೇಕು, ಫೋಟೋ, ಕಂತು. ಛಾವಣಿ, ಫೋಟೋ, ಕಂತು. ಅಂದರೆ ಬುನಾದಿಯ ರೊಕ್ಕ ಮೊದಲು ನಿನ್ನ ಕೈಯಲ್ಲಿರಬೇಕು. ತಿಂಗಳಿಗೆ ಹತ್ತು ಸಾವಿರ ಮೀರಿ ದುಡಿಯುವುದಿಲ್ಲ ಎಂದು ಪ್ರಮಾಣ ಮಾಡಿದವನ ಕೈಯಲ್ಲಿ ಖಡಿ, ಉಸುಕು, ಗೌಂಡಿಯ ಪಗಾರಕ್ಕೆ ಮುಂಗಡ ಎಲ್ಲಿಂದ ಬರಬೇಕು? ನೂರಕ್ಕೆ ಮೂರರ ಬಡ್ಡಿಯಿಂದ ಬರುತ್ತದೆ. ಯಾದಗಿರಿಯಿಂದ ಶಹಾಪುರದ ದಾರಿ ಹಿಡಿದು ಯಾವ ಊರೊಳಗಾದರೂ ಇಳಿದು ಕೇರಿಗೆ ಹೋಗಿ ನೋಡಿ. ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳು, ಮೇಲೆ ತುಕ್ಕು ಹಿಡಿದ ಸರಳು, ಒಳಗೆ ಆಡು ಕಟ್ಟಿರುತ್ತಾರೆ. ಪಕ್ಕದಲ್ಲೇ ಹಳೇ ಪತ್ರಾಸಿನ ಮನೆ, ಅದರೊಳಗೆ ಮನುಷ್ಯರು.

ಈ ಕೇಂದ್ರ ಯೋಜನೆಯ ಹೊರಗಿಡುವ ಪಟ್ಟಿಯನ್ನು ನಾವು ಬಹಳ ಸಲ ಓದಿದ್ದೇವೆ. ಹದಿಮೂರು ಕಾರಣ. ಮೋಟಾರ್ ಗಾಡಿ ಇದ್ದರೆ ಇಲ್ಲ. ಫ್ರಿಜ್ ಇದ್ದರೆ ಇಲ್ಲ. ಮನೆಗೆ ತಂತಿಯ ಟೆಲಿಫೋನ್ ಇದ್ದರೆ ಇಲ್ಲ! ಐವತ್ತು ಸಾವಿರ ಮಿತಿಯ ಕಿಸಾನ್ ಕಾರ್ಡ್ ಇದ್ದರೆ ಇಲ್ಲ. ಎರಡೂವರೆ ಎಕರೆ ನೀರಾವರಿಯ ಜೊತೆ ಒಂದು ಪಂಪು ಇದ್ದರೆ ಇಲ್ಲ. ಮನೆಯಲ್ಲಿ ಒಬ್ಬರು ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ದುಡಿದರೆ ಇಲ್ಲ. ಇಷ್ಟು ಸಲ 'ಇಲ್ಲ' ಬಂದ ಗದ್ಯವನ್ನು ನಾವು ಬೇರೆ ಕಡೆ ಓದಿಲ್ಲ. ಊರ ಹೋಟೆಲಿನ ಒಳಗೆ ಇಲ್ಲ, ಬಾವಿಯ ಹತ್ತಿರ ಇಲ್ಲ, ಗುಡಿಯ ಮೆಟ್ಟಿಲ ಮೇಲೆ ಇಲ್ಲ ಎಂಬ ಹಳೆಯ ಪಟ್ಟಿಯ ನೆನಪು ಮಾತ್ರ ಬರುತ್ತದೆ. ಗಾಡಿಯ ಮಾತು ತೆಗೆದುಕೊಳ್ಳಿ. ನಮ್ಮ ಕೇರಿಯ ಗೌಂಡಿ ಹಳೇ ಗಾಡಿಯೊಂದನ್ನು ಕೊಳ್ಳುವುದು ಮೆರೆಯುವುದಕ್ಕಲ್ಲ. ಬೆಳಿಗ್ಗೆ ಆರಕ್ಕೆ ಬಸ್ಸಿಲ್ಲದ ಊರಿಂದ ಶಹಾಪುರದ ಚೌಕಕ್ಕೆ ಬಂದು ನಿಲ್ಲದಿದ್ದರೆ ಆ ದಿನದ ಕೆಲಸ ಬೇರೆಯವನ ಪಾಲು. ಕರಣೆಯ ಹಾಗೆ ಗಾಡಿಯೂ ಒಂದು ಹತಾರ. ಊರೆಲ್ಲರ ಮನೆ ಕಟ್ಟುವ ಗೌಂಡಿಗೆ, ಗಾಡಿ ಇದೆ ಎಂಬ ಕಾರಣಕ್ಕೆ ಮನೆ ಇಲ್ಲ.

೨೦೨೪ರಲ್ಲಿ ದೆಹಲಿಗೆ ಬುದ್ಧಿ ಬಂತು. ಎರಡು ಗಾಲಿಯ ಗಾಡಿ, ಫ್ರಿಜ್, ಟೆಲಿಫೋನ್ ಪಟ್ಟಿಯಿಂದ ಹೊರಗೆ ಹೋದವು. ಹತ್ತು ಸಾವಿರ ಹೋಗಿ ಹದಿನೈದು ಸಾವಿರ ಆಯಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಆ ಎಂಟು ಮಳೆಗಾಲದಲ್ಲಿ, ೨೦೧೯ರ ಕೃಷ್ಣೆಯ ಪ್ರವಾಹವೂ ೨೦೨೦ರ ಭೀಮೆಯ ಪ್ರವಾಹವೂ ಬಂದು ಹೋದವು.

ನೀರಾವರಿಯದು ಇನ್ನೊಂದು ಕಥೆ, ಚಿಕ್ಕದಾಗಿ ಹೇಳುತ್ತೇವೆ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಸುರಪುರ ಶಹಾಪುರದ ಸೀಮೆ ಹಸಿರಾಯಿತು ಎನ್ನುತ್ತಾರೆ. ಕಾಲುವೆಯ ತಲೆಯಲ್ಲಿ ಹೊಲ ಇದ್ದವರಿಗೆ ಆಯಿತು. ಕಟ್ಟಕಡೆಯ ಹೊಲ, ಸಾಧಾರಣವಾಗಿ ನಮ್ಮವರ ಹೊಲ, ಪಹಣಿಯಲ್ಲಿ ನೀರಾವರಿ, ಕಣ್ಣಿಗೆ ಒಣ ಬೇಸಾಯ. ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲ ಎಂಬುದು ನಮ್ಮ ದೂರು ಮಾತ್ರವಲ್ಲ. ೨೦೨೩ರ ಜನವರಿ ೧೯ರಂದು ಪ್ರಧಾನಿಯೇ ಕೊಡೇಕಲ್ಲಿಗೆ ಬಂದು ಅದೇ ಕಾಲುವೆಯ ವಿಸ್ತರಣೆ ಮತ್ತು ನವೀಕರಣದ ಕೆಲಸವನ್ನು ಉದ್ಘಾಟಿಸಿ ಹೋದರು. ಆದರೆ ಮನೆ ಕೊಡುವಾಗ ನೋಡುವುದು ಪಹಣಿಯ ನೀರನ್ನು, ಹೊಲದ ನೀರನ್ನಲ್ಲ.

ಈಗ ಓದಿದ ಮಕ್ಕಳ ಮಾತು. ಇದನ್ನು ಬರೆಯಲು ನಮಗೆ ಸ್ವಲ್ಪ ಸಂಕೋಚ, ಯಾಕೆಂದರೆ ಇದು ನಮ್ಮದೇ ಮನೆಯ ಮಾತು. ಮನೆತನದಲ್ಲಿ ಮೊದಲನೆಯವರಾಗಿ ಡಿಗ್ರಿ ಮುಗಿಸಿ ಬಿ.ಎಡ್. ಮಾಡಿ ಅತಿಥಿ ಶಿಕ್ಷಕರಾದೆವು. ಅತಿಥಿ ಎಂಬ ಪದವನ್ನು ಕೂಡ ಯಾರಾದರೂ ವಿಮರ್ಶೆ ಮಾಡಬೇಕು. ೨೦೨೨ರಿಂದ ಕೆಲವು ವರ್ಷ ಸರ್ಕಾರಿ ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಹತ್ತೂವರೆ ಸಾವಿರ ಗೌರವಧನ ಇತ್ತು. ಶಾಲೆ ನಡೆದ ತಿಂಗಳುಗಳಿಗೆ ಮಾತ್ರ, ಅದೂ ಕಾದು ಕಾದು. ಹತ್ತು ತಿಂಗಳಿಗೆ ೧,೦೫,೦೦೦ ಆಗುತ್ತದೆ. ರಾಜ್ಯದ ವರ್ಷದ ಲೆಕ್ಕದಲ್ಲಿ ಇದು ಮಿತಿಯ ಒಳಗೆ. ಕೇಂದ್ರದ ತಿಂಗಳ ಲೆಕ್ಕದಲ್ಲಿ ಐನೂರು ರೂಪಾಯಿ ಹೆಚ್ಚು. ಪಟ್ಟಿ ಹಿಡಿದು ಬಂದವರು ಕೇಳಿದರು, ಮನೆಯಲ್ಲಿ ಯಾರಾದರೂ ನೌಕರಿ ಮಾಡುತ್ತಾರಾ? ಅವ್ವ ಎಂಥ ಹೆಮ್ಮೆಯಿಂದ ಹೇಳಿದಳು ಗೊತ್ತೇ, "ಹೌದ್ರಿ, ನಮ್ಮ ಹುಡುಗ ಸಾಲಿ ಮಾಸ್ತರ ಅದಾನ." ಇಪ್ಪತ್ತು ವರ್ಷ ಆ ಒಂದು ಮಾತು ಹೇಳುವುದಕ್ಕೆ ಅವಳು ಮಂದಿ ಹೊಲದಲ್ಲಿ ಕಸ ತೆಗೆದಿದ್ದಳು. ಆ ಮಾತೇ ಅವಳ ಮನೆಯನ್ನು ತಿಂದಿತು. ನಾವು ಆಮೇಲೆ ಅವಳ ಮೇಲೆ ಸಿಟ್ಟು ಮಾಡಿದೆವು: "ಸುಮ್ನ ಇರಬೇಕಿತ್ತಿಲ್ಲ?" ಅಕ್ಷರ ಕಲಿತ ಮಗ ಅಕ್ಷರ ಬಾರದ ತಾಯಿಗೆ ಸುಳ್ಳು ಹೇಳಲು ಕಲಿಸಿಕೊಟ್ಟದ್ದು ಹೀಗೆ. ಅದು ನಮ್ಮ ಬಿ.ಎಡ್. ಪಾಠ ಯೋಜನೆಯಲ್ಲಿ ಇರಲಿಲ್ಲ.

ಇತ್ತ ಅದೇ ಹತ್ತೂವರೆ ಸಾವಿರದ ಬಲದ ಮೇಲೆ ತಾಲೂಕು ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಲು ಹೋದೆವು. ಖಾಲಿ ಇದೆ ಎಂದು ಬೋರ್ಡು ಇತ್ತು. ಬಾಡಿಗೆ ಕೇಳಿದೆವು, ಒಪ್ಪಿದೆವು, ಮುಂಗಡಕ್ಕೆ ಕೈಚೀಲ ತೆಗೆದೆವು. ಆಗ ಬಂತು: "ನೀವು ಯಾವ ಪೈಕಿ ಆಗ್ತೀರಿ?" ಹೇಳಿದೆವು. ಕೋಣೆಗೆ ಅವರ ತಂಗಿಯ ಮಗ ಬರುವವನಿದ್ದನಂತೆ, ಮರೆತಿತ್ತಂತೆ. ವರಮಾನ ಹೆಚ್ಚಾಯಿತೆಂದು ಸರ್ಕಾರದ ಮನೆ ಇಲ್ಲ. ಜಾತಿ ಕಡಿಮೆ ಆಯಿತೆಂದು ಬಾಡಿಗೆ ಮನೆ ಇಲ್ಲ.

ಅಂಬೇಡ್ಕರ್ ನಿವಾಸ ಎಂದು ಯೋಜನೆಗೆ ಹೆಸರಿಟ್ಟವರಿಗೆ ಬಾಬಾಸಾಹೇಬರ ಬದುಕಿನ ೧೯೧೭ರ ಕಥೆ ಗೊತ್ತಿದೆಯೋ ಇಲ್ಲವೋ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಸೇರಿದ ಅವರಿಗೆ ಪಗಾರ ಇತ್ತು, ಅಧಿಕಾರ ಇತ್ತು. ಇರಲು ಕೋಣೆ ಇರಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. ಅವರನ್ನು ಮನೆಯಿಲ್ಲದವರನ್ನಾಗಿ ಮಾಡಿದ್ದು ಯಾವ ವರಮಾನದ ಗೆರೆಯೂ ಅಲ್ಲ. ಆ ಹೆಸರಿನ ಯೋಜನೆಯೇ ಇವತ್ತು ಮನೆಯಿಲ್ಲದ ದಲಿತನನ್ನು ಅಳೆಯುವಾಗ ರೂಪಾಯಿಯಲ್ಲಿ ಅಳೆಯುತ್ತದೆ. ಜಾತಿಯ ಕಾಗದ ಒಂದು ಕಡೆ, ವರಮಾನದ ಕಾಗದ ಇನ್ನೊಂದು ಕಡೆ. ಒಂದು ಇನ್ನೊಂದಕ್ಕೆ ಏನು ಮಾಡುತ್ತದೆ ಎಂದು ಬರೆಯಲು ಮೂರನೆಯ ಕಾಗದ ಇಲ್ಲ.

ಹಾಗಂತ ಸರ್ಕಾರಕ್ಕೆ ದೊಡ್ಡ ಅಂಕಿಗಳು ಗೊತ್ತಿಲ್ಲ ಎಂದಲ್ಲ. ೨೦೧೫ರಲ್ಲಿ ಶುರುವಾದ ನಗರದ ಆವಾಸ ಯೋಜನೆ ನೋಡಿ. ಅಲ್ಲಿ ವರ್ಷಕ್ಕೆ ೩ ಲಕ್ಷದವರೆಗೆ ದುರ್ಬಲ ವರ್ಗ, ೬ ಲಕ್ಷದವರೆಗೆ ಕಡಿಮೆ ವರಮಾನ. ಅಲ್ಲಿಗೂ ನಿಲ್ಲಲಿಲ್ಲ. ೨೦೧೭ರಿಂದ ೨೦೨೧ರ ಮಾರ್ಚಿನವರೆಗೆ ೧೨ ಲಕ್ಷದವರು, ೧೮ ಲಕ್ಷದವರೆಗಿನವರು ಕೂಡ ಮನೆಸಾಲದ ಬಡ್ಡಿಯಲ್ಲಿ ಸಹಾಯ ಪಡೆದರು. ಹದಿನೆಂಟು ಲಕ್ಷದ ಮನೆತನಕ್ಕೆ ಸಿಗುತ್ತಿದ್ದ ಸಹಾಯ ೨ ಲಕ್ಷ ೩೦ ಸಾವಿರದವರೆಗೆ. ನಮ್ಮ ದೊಡ್ಡವ್ವನ ಇಡೀ ಮನೆಯ ದರಕ್ಕಿಂತ ಅವರ ಬಡ್ಡಿಯ ರಿಯಾಯಿತಿ ದೊಡ್ಡದು. ಅವರಿಗೆ ಫ್ರಿಜ್ ಇದೆಯೇ, ಗಾಡಿ ಇದೆಯೇ ಎಂದು ಯಾರೂ ಅಡಿಗೆಮನೆಗೆ ಇಣುಕಲಿಲ್ಲ. ೨೦೧೯ರಲ್ಲಿ ಮೇಲ್ಜಾತಿಯ ಬಡವರಿಗೆ ಮೀಸಲಾತಿ ಬಂದಾಗ ಅವರ ಬಡತನದ ಗೆರೆಯನ್ನು ವರ್ಷಕ್ಕೆ ೮ ಲಕ್ಷಕ್ಕೆ ಎಳೆದರು. ಎಂಟು ಲಕ್ಷವೂ ಬಡತನ, ಮೂವತ್ತೆರಡು ಸಾವಿರವೂ ಬಡತನ. ಆ ೨೦೧೯ರಲ್ಲಿ ನಮ್ಮ ಹಳ್ಳಿಯ ಮನೆಗೆ ಮಿತಿ ಇನ್ನೂ ಮೂವತ್ತೆರಡು ಸಾವಿರವೇ ಇತ್ತು ಎಂಬುದನ್ನು ಮರೆಯದೆ ಓದಬೇಕು. ಬೆಂಗಳೂರಿನ ಆ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಹೊಡೆದವರು, ಖಡಿ ಹೊತ್ತವರು ಯಾದಗಿರಿ ಜಿಲ್ಲೆಯವರು ಎಂಬುದನ್ನು ಬೆಂಗಳೂರಿನವರೇ ಹೇಳುತ್ತಾರೆ. ಅಲ್ಲಿ ನಮ್ಮ ಸೀಮೆಯ ಹೆಸರೇ ಒಂದು ಕೂಲಿಯ ಹೆಸರು.

ಇಲ್ಲಿಯತನಕ ಬರೆದದ್ದು ಸುಲಭ. ಸರ್ಕಾರವನ್ನು ಬಯ್ಯುವುದು ನಮಗೆ ರೂಢಿ. ಇನ್ನು ಬರೆಯಬೇಕಾದದ್ದು ನಮ್ಮ ಕವನಗಳ ಬಗ್ಗೆ.

ಆ ಏಳು ಗುಡಿಸಲುಗಳನ್ನು ನಾವು ಮತ್ತೊಮ್ಮೆ ಕೂತು ಓದಿದೆವು. ಅವುಗಳಲ್ಲಿ ಏನೇನಿತ್ತು? ಸೋರುವ ಸೂರು, ತಣ್ಣಗಾದ ಒಲೆ, ಹರಿದ ಕೌದಿ, ಬತ್ತಿದ ಮೊಲೆ. ಏನಿರಲಿಲ್ಲ? ಗಾಡಿ ಇರಲಿಲ್ಲ. ಫ್ರಿಜ್ ಇರಲಿಲ್ಲ. ಟಿ.ವಿ. ಇರಲಿಲ್ಲ. ಮಗಳ ಮದುವೆಗೆಂದು ಚೀಟಿ ಕಟ್ಟಿದ ರೊಕ್ಕ ಇರಲಿಲ್ಲ. ಬಣ್ಣದ ಗೋಡೆ ಇರಲಿಲ್ಲ. ಸರ್ಕಾರದ ಹದಿಮೂರು ಕಾರಣಗಳ ಪಟ್ಟಿ ಹಿಡಿದುಕೊಂಡು ಆ ಕವನಗಳೊಳಗೆ ಹೋದರೆ ಏಳಕ್ಕೆ ಏಳೂ ಪಾಸು. ನಾವು ನಮ್ಮ ಕೇರಿಯಲ್ಲಿ ಕಣ್ಣಾರೆ ಕಂಡ ಯಾವ ಮನೆಯೂ ಅಷ್ಟು ಸಲೀಸಾಗಿ ಪಾಸಾಗುವುದಿಲ್ಲ. ಅಂದರೆ ನಾವೂ ಮಿತಿಯ ಕೆಳಗಿನ ಅಂಕಿಯನ್ನೇ ಬರೆಸಿದ್ದೇವೆ. ನಮಗೂ ಯಾರೋ "ಎಷ್ಟ್ ಬರೀಲಿ?" ಎಂದು ಕೇಳಿದ್ದಾರೆ, ವೇದಿಕೆ ಕೇಳಿದೆ, ಸಂಪಾದಕ ಕೇಳಿದ್ದಾನೆ, ಚಪ್ಪಾಳೆ ಕೇಳಿದೆ. ಕವನದ ಬಾಗಿಲಲ್ಲೂ ಒಬ್ಬ ತಲಾಟಿ ಕೂತಿದ್ದಾನೆ.

ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಯಾದಗಿರಿಯ ಕಡೆಯ ಒಬ್ಬ ಹುಡುಗಿ ನಮ್ಮ ಪತ್ರಿಕೆಗೆ ಒಂದು ಕವನ ಕಳಿಸಿದ್ದಳು. ಹತ್ತಿ ಬಿಡಿಸಿದ ಕೂಲಿಯಲ್ಲಿ ಅವಳ ಅಕ್ಕ ಹಳೆಯ ಫ್ರಿಜ್ಜೊಂದನ್ನು ಕೊಂಡು ತರುತ್ತಾಳೆ. ಕೇರಿಯ ಮಕ್ಕಳೆಲ್ಲ ಸಾಲಾಗಿ ನಿಂತು ಅದರೊಳಗೆ ಕೈ ಇಟ್ಟು ತಂಪು ನೋಡುತ್ತಾರೆ. ಅಷ್ಟೇ ಕವನ. ನಾವು ಅದನ್ನು ವಾಪಸು ಕಳಿಸಿದೆವು. 'ಕಿಚ್ಚು ಸಾಲದು' ಎಂದು ಬರೆ ಎಳೆದೆವು. ಈಗ ಯೋಚಿಸಿದರೆ ನಾಚಿಕೆ. ಆ ಫ್ರಿಜ್ ಇದ್ದ ಕಾರಣಕ್ಕೆ ಆ ಅಕ್ಕನನ್ನು ಆವಾಸ ಪಟ್ಟಿಯಿಂದ ಹೊರಗಿಟ್ಟಿರಬಹುದಾದ ಕಾಲ ಅದು. ನಾವೂ ಅದೇ ಕಾರಣಕ್ಕೆ ಅವಳನ್ನು ಹೊರಗಿಟ್ಟೆವು. ಹುಡುಗಿ ಮತ್ತೆ ಕಳಿಸಲಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಕವನವನ್ನು ಮತ್ತೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಒಂದಕ್ಷರ ತಿದ್ದದೆ ಹಾಕುತ್ತೇವೆ.

ನಮ್ಮ ಹಿರಿಯರಲ್ಲಿ ಎಲ್ಲರೂ ಹೀಗೆ ಬರೆದವರಲ್ಲ. ದೇವನೂರರ 'ಒಡಲಾಳ'ದ ಸಾಕವ್ವನ ಮನೆಯನ್ನು ನೆನೆಯಿರಿ. ಬಡತನ ಅಲ್ಲಿ ಕಡಿಮೆ ಏನಿಲ್ಲ. ಆದರೆ ಸಾಕವ್ವ ಕಳೆದ ಹುಂಜಕ್ಕಾಗಿ ಊರೆಲ್ಲ ತಡಕುತ್ತಾಳೆ. ಕದ್ದ ಕಡಲೆಕಾಯಿಯ ಸುತ್ತ ಇಡೀ ಮನೆ ಒಂದು ರಾತ್ರಿ ಹಬ್ಬ ಮಾಡುತ್ತದೆ. ಅವರಿಗೆ ಆಸೆ ಇದೆ, ಠೇಂಕಾರ ಇದೆ, ಜಗಳ ಇದೆ, ತಮಾಷೆ ಇದೆ. ಆ ಮನೆಯನ್ನು ಹುಡುಕಲು ಬಂದವರು ಪೊಲೀಸರು. ಇವತ್ತು ಬರುವವರು ಫೋಟೋ ತೆಗೆಯುವವರು, ಪಟ್ಟಿ ಹಿಡಿದವರು. ಮನೆಯೊಳಗೆ ಏನಿದೆ ಎಂದು ಪ್ರಭುತ್ವ ಇಣುಕಿ ನೋಡುವ ಆ ಗಳಿಗೆಯನ್ನು ದೇವನೂರರು ಕಂಡ ಹಾಗೆ ನಾವು, ಅಂಥ ಇಣುಕು ದಿನಾ ನಡೆಯುವ ಕಾಲದಲ್ಲಿದ್ದೂ, ಕಂಡಿಲ್ಲ. ನಾವು ಅವರಿಂದ ಗುಡಿಸಲು ತೆಗೆದುಕೊಂಡೆವು, ಹುಂಜವನ್ನು ಬಿಟ್ಟು ಬಂದೆವು.

ಗೆಳೆಯನೊಬ್ಬ ಈ ಬರಹದ ಕರಡು ಓದಿ ತಕರಾರು ಎತ್ತಿದ: ಕೇರಿಯವರ ಫ್ರಿಜ್, ಗಾಡಿ ಎಲ್ಲ ಬರೆದರೆ ನಾಳೆ ಅದನ್ನೇ ತೋರಿಸಿ ಇದ್ದ ಸೌಲಭ್ಯವನ್ನೂ ಕಸಿಯುತ್ತಾರೆ, ನೋಡಿರಿ ಇವರೆಲ್ಲ ಸುಳ್ಳು ಬರೆಸಿದ್ದಾರೆ ಎನ್ನುತ್ತಾರೆ. ಅವನ ಭಯ ಖರೆ. ಇದನ್ನು ನಾವು ಹಗುರಾಗಿ ತೆಗೆದುಕೊಂಡಿಲ್ಲ. ಅದಕ್ಕೇ ಈ ಬರಹದಲ್ಲಿ ಊರಿನ ಹೆಸರಿಲ್ಲ, ಮನೆಯ ಗುರುತಿಲ್ಲ. ಆದರೆ ಸುಳ್ಳು ಬರೆಸಿದವರು ಯಾರು ಎಂಬ ಪ್ರಶ್ನೆಗೆ ಸುಳ್ಳು ಬರೆಸಿಕೊಂಡವರು ಯಾರು ಎಂಬ ಪ್ರಶ್ನೆಯಿಂದಲೇ ಉತ್ತರ ಕೊಡಬೇಕಲ್ಲವೆ? ನಾವು ಹೆದರಿ ಬಾಯಿ ಮುಚ್ಚಿದರೆ ಮೂವತ್ತೆರಡು ಸಾವಿರದ ಕಾಲದಲ್ಲಿ ನಡೆದದ್ದೇ ಒಂದು ಲಕ್ಷ ಇಪ್ಪತ್ತು ಸಾವಿರದ ಕಾಲದಲ್ಲೂ ನಡೆಯುತ್ತದೆ. ಕೂಲಿ ಏರುತ್ತದೆ, ಗೆರೆ ನಿಲ್ಲುತ್ತದೆ, ಮತ್ತೆ ಎಲ್ಲರೂ ಹದಿನೆಂಟು ಸಾವಿರ ಎಂದು ಬರೆಸುತ್ತಾರೆ. ಬಿಸಿ ತಾಗುವುದು ಆ ದೊಡ್ಡವ್ವನಿಗೆ.

ಆಕೆಯ ಜೊತೆ ನಾವು ಕಚೇರಿಗೆ ಹೋದೆವು. ಯಾವ ಕಚೇರಿ ಎಂಬುದು ಬೇಡ. ಹಳೆಯ ಪತ್ರದ ಐದು ವರ್ಷದ ಅವಧಿ ಮುಗಿದಿತ್ತು, ಹೊಸದು ಬೇಕಿತ್ತು. ಪಾಳಿ ಬಂತು. ಮೊಮ್ಮಗನ ವಾರಿಗೆಯ ಹುಡುಗ ತಲೆ ಎತ್ತದೆ ಕೇಳಿದ, "ಎಷ್ಟ್ ಬರೀಲಿ?" ದೊಡ್ಡವ್ವ ಸೆರಗಿನ ಗಂಟು ಸರಿಮಾಡಿಕೊಂಡು ಬೆರಳು ಮಡಚಲು ಶುರು ಮಾಡಿದಳು: "ಹತ್ತಿ ಬಿಡ್ಸಿದ್ದು ನಲವತ್ತು ದಿನ ಹಿಡೀರಿ ಸಾಹೇಬ್ರ. ಅದ್ರಾಗ ಎಂಟು ದಿನ ಮೈಯಾಗ ಆರಾಮ ಇದ್ದಿಲ್ಲ, ಅವು ಬ್ಯಾಡ. ತೊಗರಿ ಕೊಯ್ದದ್ದು ಹನ್ನೆರಡು. ನಾಟಿ ಹಚ್ಚಿದ್ದು ಎಲ್ಲಾರು ಕೂಡಿ ಗುತ್ತೇದಾರ್ಕಿ, ನನ್ನ ಪಾಲಿಂದು ಅವನ ಹತ್ರನೇ ಅದ, ಇನ್ನಾ ಕೊಟ್ಟಿಲ್ಲ, ಅದ ಬರ್ಕೋತೀರೇನು? ಮಗ ಬೆಂಗ್ಳೂರ್‌ದಾಗ ಅದಾನ, ಹೋದ ದೀಪಾವಳಿಗಿ ಎರಡು ಸಾವಿರ ಕಳಿಸಿದ್ದ, ಅದ್ರ ಹಿಂದೆಲೇ ಸಾವಿರ ತಿರುಗಿ ಇಸ್ಕೊಂಡ. ಪಿಂಚಣಿ ಬರ್ತಾದ. ಆಡು ಎರಡಿದ್ವು, ಒಂದು ಮಾರೀನಿ, ಇನ್ನೊಂದು..."

ಹುಡುಗ ಮೊದಲ ಸಲ ತಲೆ ಎತ್ತಿದ. "ಅಷ್ಟೆಲ್ಲ ಬ್ಯಾಡಬೇ ಯವ್ವಾ, ಹಿಂದ ಪಾಳಿ ಅದ. ಒಂದ್ ನಂಬರ್ ಹೇಳು."

ಅವಳು ನಮ್ಮ ಮುಖ ನೋಡಿದಳು. ನಾವು ಹೇಳಿದೆವು.